ಇಲ್ಲ ಅನ್ನಲು ಬಾರದ ಮೂವತ್ತಾರು ಸೆನ್ಸರ್‌ಗಳು

ಐದು ವರ್ಷ ಬಾಳಬೇಕಾದ ಬ್ಯಾಟರಿ ಮೂರೂವರೆ ತಿಂಗಳಿಗೇ ಸುಸ್ತಾದರೆ ನೀವು ಯಾರನ್ನು ಬೈಯುತ್ತೀರಿ?

ನಾನು ಮೊದಲು ಬ್ಯಾಟರಿ ಮಾಡಿದವರನ್ನು ಬೈದೆ. ಆಮೇಲೆ ಚಳಿಯನ್ನು ಬೈದೆ. (ಸ್ವೀಡನ್ನಿನಲ್ಲಿ ಏನು ಕೆಟ್ಟರೂ ಚಳಿಯನ್ನು ಬೈಯಬಹುದು. ಅದು ತಿರುಗಿ ಮಾತಾಡುವುದಿಲ್ಲ.) ಆದರೆ ಈ ಬ್ಯಾಟರಿಗಳು ಇದ್ದದ್ದು ಉಕ್ಕಿನ ಬಿಡಿಭಾಗಗಳನ್ನು ಕಾಯಿಸುವ ಕುಲುಮೆಗಳ ನೆತ್ತಿಯ ಮೇಲೆ. ಅಲ್ಲಿ ಜನವರಿಯಲ್ಲೂ ಅಂಗಿ ಒದ್ದೆಯಾಗುತ್ತದೆ. ಹಾಗಾಗಿ ಚಳಿಯೂ ಕೈಕೊಟ್ಟಿತು.

ಮೂರನೆಯದಾಗಿ ಸಿಕ್ಕಿಬಿದ್ದವಳು ನಾನೇ.

ಸುದ್ದಿ ತಂದವಳು ಚೈತ್ರಾ. ಟ್ರೋಲ್‌ಹೆಟ್ಟನ್‌ನ ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ ಪಿಎಚ್‌ಡಿ ಮಾಡುತ್ತಿರುವ ಹುಡುಗಿ, ಧಾರವಾಡದವಳು. ನನ್ನ ಜೊತೆ ಮಾತಾಡುವಾಗ ಬೆಂಗಳೂರಿನ ಕನ್ನಡವನ್ನೇ ಆಡುತ್ತಾಳೆ, ಗಾಬರಿಯಾದಾಗ ಮಾತ್ರ ಅವಳ ಊರು ಬಾಯಿಗೆ ಬರುತ್ತದೆ. ಏಪ್ರಿಲ್ ಕೊನೆಯ ಒಂದು ಸೋಮವಾರ, ನಮ್ಮ ಆಫೀಸಿನಲ್ಲಿ ಬೆಳಗಿನ ಫೀಕಾ ನಡೆದಿತ್ತು. (ಫೀಕಾ ಎಂದರೆ ಕಾಫಿ, ಬನ್ನು, ಹರಟೆ. ಇಲ್ಲಿ ಇದನ್ನು ತಪ್ಪಿಸಿಕೊಂಡು ಕೆಲಸ ಮಾಡುವವರನ್ನು ಕಂಡರೆ ಅನುಮಾನ ಪಡುತ್ತಾರೆ.) ಆಗ ಅವಳ ಫೋನು.

"ಸುಮಕ್ಕಾ, ಸೆನ್ಸರ್ ಬ್ಯಾಟರಿ ಎಲ್ಲಾ ಖಾಲಿ ಆಗ್ಲಿಕ್ಕತ್ತಾವ್ರೀ. ಹಿಂಗ ಹೋದ್ರ ಮೇ ಮುಗಿಯೂದ್ರೊಳಗ ಒಂದೂ ಉಳಿಯಂಗಿಲ್ಲ!"

"ಅಯ್ಯೋ, ಹೌದಾ? ನಾನು ನೋಡ್ತೀನಿ, ನೀನು ಗಾಬರಿ ಆಗ್ಬೇಡ" ಎಂದೆ. ಎಂದವಳೇ ಕೈಯಲ್ಲಿದ್ದ ಏಲಕ್ಕಿ ಬನ್ನನ್ನು ತಟ್ಟೆಗೆ ವಾಪಸ್ ಇಟ್ಟೆ. (ನನ್ನನ್ನು ಬಲ್ಲವರಿಗೆ ಪರಿಸ್ಥಿತಿ ಎಷ್ಟು ಗಂಭೀರವಾಗಿತ್ತೆಂದು ಇಷ್ಟರಲ್ಲೇ ತಿಳಿಯಬೇಕು.)

ಇಲ್ಲಿ ನನ್ನ ಹೊಟ್ಟೆಪಾಡಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಹೆದರಬೇಡಿ, ಪರೀಕ್ಷೆ ಇಡುವುದಿಲ್ಲ.

ಗೊಥೆನ್‌ಬರ್ಗಿನ ಲಿಂಡ್‌ಹೋಲ್ಮೆನ್‌ನಲ್ಲಿ ನಮ್ಮದೊಂದು ಪುಟ್ಟ ಸಾಫ್ಟ್‌ವೇರ್ ಕಂಪನಿ. ಟ್ರೋಲ್‌ಹೆಟ್ಟನ್‌ನಿಂದ ಅರ್ಧ ಗಂಟೆ ಬಸ್ಸಿನ ದೂರದಲ್ಲಿ ಒಂದು ಫ್ಯಾಕ್ಟರಿ. ಅಲ್ಲಿನ ಕುಲುಮೆಗಳ ಮೇಲೆ, ಬಿಸಿಗಾಳಿಯನ್ನು ಹೊರಗೆ ಎಳೆಯುವ ಫ್ಯಾನುಗಳಿಗೆ, ಸೋಪಿನ ಡಬ್ಬಿಯಷ್ಟಿರುವ ಮೂವತ್ತಾರು ಸೆನ್ಸರ್‌ಗಳನ್ನು ಅಂಟಿಸಿದ್ದೇವೆ. ಎಷ್ಟು ಬಿಸಿ, ಎಷ್ಟು ಅದುರಾಟ ಎಂದು ಅಳೆದು ರೇಡಿಯೋದಲ್ಲಿ ಕೂಗಿ ಹೇಳುವುದು ಅವುಗಳ ಕೆಲಸ. ವೈರು ಗೀರು ಏನೂ ಇಲ್ಲ. ಬ್ಯಾಟರಿ ಇರುವಷ್ಟು ದಿನ ಜೀವ.

ಹಿಂದೆ ಹೇಗಿತ್ತು? ಮೆಂಟೆನೆನ್ಸ್‌ನವರಿಗೆ ಬೇಕಾದರೆ ಅವರದೊಂದು ಸೆನ್ಸರ್, ಕರೆಂಟಿನ ಉಳಿತಾಯ ನೋಡುವವರಿಗೆ ಬೇಕಾದರೆ ಅವರದು ಇನ್ನೊಂದು. ಒಂದೇ ಫ್ಯಾನಿಗೆ ಮೂರು ಮೂರು ಡಬ್ಬಿ. ನಾವು ಬಂದು ಫ್ಯಾಕ್ಟರಿಯ ಮೇಲಿನವರಿಗೆ ಹೇಳಿದೆವು: ಡಬ್ಬಿ ಒಂದೇ ಇರಲಿ, ಅದನ್ನೇ ಎಲ್ಲರಿಗೂ ಹಂಚುತ್ತೇವೆ. ಆದರೆ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಅದು ಅವರೊಬ್ಬರದೇ ಸೆನ್ಸರ್ ಎಂಬಂತೆ ಕಾಣುತ್ತದೆ. ಇದಕ್ಕೆ ವರ್ಚುವಲ್ ಸೆನ್ಸರ್ ಎನ್ನುತ್ತಾರೆ. ಇರುವುದು ಮೂವತ್ತಾರು, ಕಾಣುವುದು ನೂರಕ್ಕಿಂತ ಹೆಚ್ಚು.

ಇಲ್ಲಿನ ಅಪಾರ್ಟ್‌ಮೆಂಟುಗಳಲ್ಲಿ ಬಟ್ಟೆ ಒಗೆಯುವ ಕೋಣೆ ಇರುತ್ತದಲ್ಲ, ಹಾಗೆ. ನೆಲಮಾಳಿಗೆಯಲ್ಲಿ ಎರಡೇ ಮಷೀನು, ಮೇಲೆ ಮೂವತ್ತು ಮನೆ. ನೀವು ಬುಕ್ ಮಾಡಿದ ಮೂರು ಗಂಟೆ ಮಷೀನು ನಿಮ್ಮದೇ. ಅದನ್ನು ಬೇರೆಯವರೂ ಬಳಸುತ್ತಾರೆಂದು ನಿಮಗೆ ನೆನಪಾಗುವುದು, ಮುಂದಿನ ಸರದಿಯವರು ಬುಟ್ಟಿ ಹಿಡಿದು ಬಾಗಿಲಲ್ಲಿ ಗಡಿಯಾರ ನೋಡುತ್ತಾ ನಿಂತಾಗ ಮಾತ್ರ. ನಮ್ಮ ಸಾಫ್ಟ್‌ವೇರಿನಲ್ಲಿ ಆ ಬುಟ್ಟಿಯವರೂ ಕಾಣುವುದಿಲ್ಲ. ಅದೇ ಅದರ ಹೆಗ್ಗಳಿಕೆ ಎಂದು ನಾವು ಊರೆಲ್ಲಾ ಹೇಳಿಕೊಂಡು ತಿರುಗಿದ್ದೆವು.

ಇನ್ನೊಂದು ವಿಷಯ. ಸೆನ್ಸರ್ ಮಲಗಿದ್ದರೆ ಖರ್ಚಿಲ್ಲ. (ನಮ್ಮ ಮನೆಯವರ ಹಾಗೆ.) ಎದ್ದು, ಅಳೆದು, ಕೂಗಿ ಹೇಳಿದಾಗೆಲ್ಲಾ ಬ್ಯಾಟರಿ ಕರಗುತ್ತದೆ. ಆದ್ದರಿಂದ ಸಾಫ್ಟ್‌ವೇರಿನಲ್ಲಿ ಒಂದು ಕಾವಲು ಇರಬೇಕು. ಯಾರಾದರೂ "ನನಗೆ ನಿಮಿಷಕ್ಕೊಂದು ಸಲ ಹೇಳು" ಎಂದು ಕೇಳಿದರೆ, ಬ್ಯಾಟರಿಗೆ ಅದು ತಾಳುತ್ತದೆಯೇ ಎಂದು ಲೆಕ್ಕ ಹಾಕಿ, ತಾಳದಿದ್ದರೆ "ಇಲ್ಲ" ಎನ್ನಬೇಕು.

ಆ ಕಾವಲಿನ ಭಾಗ ಬರೆಯಬೇಕಾದವಳು ನಾನು.

ಫೋನ್ ಇಟ್ಟು ಹೋಗಿ ಆ ಕೋಡ್ ತೆಗೆದು ನೋಡಿದೆ. ಇದ್ದದ್ದು ಒಂದೇ ಸಾಲು. ಯಾರು ಏನು ಕೇಳಿದರೂ, ಉತ್ತರ: ಹೌದು. ಅದರ ಕೆಳಗೆ ಜನವರಿಯ ಅವಸರದಲ್ಲಿ ನಾನೇ ಬರೆದುಕೊಂಡ ಟಿಪ್ಪಣಿ, "ಆಮೇಲೆ ಸರಿ ಮಾಡು". (ಓದುಗರಲ್ಲಿ ಸಾಫ್ಟ್‌ವೇರ್‌ನವರು ಇದ್ದರೆ ಈಗ ನಗುತ್ತಿರುತ್ತೀರಿ. ನಗಿ. ನಿಮ್ಮ ಕೋಡಿನಲ್ಲೂ ಇಂಥ ಒಂದು ಸಾಲು ಎಲ್ಲೋ ಕೂತಿದೆ.)

ನಾಚಿಕೆಯಿಂದ ಕಿವಿ ಬಿಸಿಯಾಯಿತು. ಮರೆತದ್ದಕ್ಕಲ್ಲ, ಮರೆಯುವುದು ಎಲ್ಲರಿಗೂ ಇದ್ದದ್ದೇ. ಆ ಸಾಲು ಥೇಟ್ ನನ್ನ ಹಾಗೇ ಇತ್ತು, ಅದಕ್ಕೆ.

ಮಾರ್ಚಿನ ಒಂದು ದಿನ ನೆನಪಾಯಿತು. ಫ್ಯಾಕ್ಟರಿಗೆ ಹೋಗಿದ್ದೆ. ಕಾಫಿ ರೂಮಿನಲ್ಲಿ ಮೆಂಟೆನೆನ್ಸ್‌ನ ಮುಖ್ಯಸ್ಥೆ ಲೇನಾ ಸಿಕ್ಕಳು. "ಗಂಟೆಗೊಮ್ಮೆ ಬರುತ್ತಿರುವ ಅದುರಾಟದ ಲೆಕ್ಕ ಹತ್ತು ನಿಮಿಷಕ್ಕೊಮ್ಮೆ ಸಿಗಬಹುದಾ?" ಎಂದಳು. (ಇವರೊಂದಿಗೆಲ್ಲಾ ಮಾತು ನಡೆಯುವುದು ಇಂಗ್ಲಿಷಿನಲ್ಲಿ. ನೀವು ಕನ್ನಡದಲ್ಲಿ ಓದಿಕೊಳ್ಳಿ.) "ಖಂಡಿತ" ಎಂದೆ. ಅವಳು ಹೋದ ಮೇಲೆ ಕರೆಂಟಿನ ಉಳಿತಾಯ ನೋಡುವ ಯೋಹಾನ್ ಬಂದ. ಅವನಿಗೆ ಬಿಸಿ ಎಷ್ಟೆಂದು ನಿಮಿಷಕ್ಕೊಮ್ಮೆ ಬೇಕು. "ಏನೂ ತೊಂದರೆ ಇಲ್ಲ" ಎಂದೆ. ಊಟದ ಹೊತ್ತಿಗೆ ಅನ್ನೆಲಿ. ಕೆಲಸಗಾರರ ಸುರಕ್ಷತೆ ಅವಳ ಜವಾಬ್ದಾರಿ, ಅವಳಿಗೆ ಅರ್ಧ ನಿಮಿಷಕ್ಕೊಮ್ಮೆ. "ಅಯ್ಯೋ, ಅದಕ್ಕೇನಂತೆ!" ಎಂದೆ. ಮೂವರೂ ಅವರವರ ಕಂಪ್ಯೂಟರಿನಲ್ಲಿ ಹಾಗೇ ಒತ್ತಿಕೊಂಡರು. ಕಾವಲಿನವನೂ ಮೂವರಿಗೂ ಹೌದು ಎಂದ.

ಸಂಜೆ ಬಸ್ ಸ್ಟಾಪಿನಲ್ಲಿ ಚೈತ್ರಾ ಕೇಳಿದ್ದಳು. "ಅಕ್ಕ, ಜುಲೈವರೆಗೂ ಡೇಟಾ ಎಲ್ಲೂ ಕಟ್ ಆಗಲ್ಲ ಅಲ್ವಾ?"

"ಹೂಂ, ಹೂಂ" ಎಂದಿದ್ದೆ. ಬಸ್ಸು ಬರುತ್ತಿತ್ತು.

ಜುಲೈವರೆಗೆ ಏಕೆ? ಇಲ್ಲಿ ಜುಲೈಯಲ್ಲಿ ಫ್ಯಾಕ್ಟರಿಗೆ ಫ್ಯಾಕ್ಟರಿಯೇ ಬಾಗಿಲು ಹಾಕಿ ರಜೆ ಹೋಗುತ್ತದೆ. ಕುಲುಮೆ ತಣ್ಣಗಾಗುವುದು ಆಗ ಮಾತ್ರ. ಆ ಫ್ಯಾನುಗಳ ಹತ್ತಿರ ಮನುಷ್ಯರು ಹತ್ತಿ, ಬಿಚ್ಚಿ, ಯಾವುದರ ಬೇರಿಂಗು ಸವೆದಿದೆ ಎಂದು ಕಣ್ಣಾರೆ ನೋಡಲು ಸಾಧ್ಯವಾಗುವುದೂ ಆಗಲೇ. ಚೈತ್ರಾಳ ಸಂಶೋಧನೆಯೆಲ್ಲಾ ಇದೇ: ಅದುರಾಟದ ಲೆಕ್ಕವೊಂದರಿಂದಲೇ ಇಂಥ ಫ್ಯಾನಿನ ಬೇರಿಂಗು ಸವೆಯುತ್ತಿದೆ ಎಂದು ಮೊದಲೇ ಹೇಳುವುದು, ಜುಲೈಯಲ್ಲಿ ಬಿಚ್ಚಿ ನೋಡಿ ತಾನು ಹೇಳಿದ್ದು ಸರಿಯೋ ತಪ್ಪೋ ಎಂದು ತಾಳೆ ಹಾಕುವುದು. ನಡುವೆ ಎರಡು ತಿಂಗಳ ಲೆಕ್ಕ ಇಲ್ಲದಿದ್ದರೆ ತಾಳೆ ಹಾಕುವುದಕ್ಕೆ ಏನೂ ಇರುವುದಿಲ್ಲ. ಮುಂದಿನ ಜುಲೈಗೆ ಕಾಯಬೇಕು. (ಇಲ್ಲಿ ಪಿಎಚ್‌ಡಿಯೂ ಸಂಬಳದ ನೌಕರಿಯೇ.) ಅವಳ ಯೂನಿವರ್ಸಿಟಿ ಕೆಲಸ ಮುಗಿಯುವುದು ಈ ಡಿಸೆಂಬರಿಗೆ. ಕೆಲಸದ ಜೊತೆ ಈ ದೇಶದಲ್ಲಿರುವ ಪರ್ಮಿಟ್ಟೂ.

ಬ್ಯಾಟರಿ ಬದಲಾಯಿಸಿದರಾಯಿತು ಎನ್ನಬೇಡಿ. ಅದಕ್ಕೂ ಕುಲುಮೆ ತಣ್ಣಗಾಗಬೇಕು.

ನಮ್ಮ ಕಡೆಯ ಹೂಂ ಬಗ್ಗೆ ನೀವೇ ಹೇಳಿ. ಮದುವೆ ಕಾರ್ಡು ಕೊಟ್ಟವರಿಗೆ "ಬರ್ದೇ ಇರ್ತೀವಾ!" ಎನ್ನುತ್ತೇವೆ. ಹೋಗುವುದಿಲ್ಲವೆಂದು ನಮಗೂ ಗೊತ್ತು, ಕಾರ್ಡು ಕೊಟ್ಟವರಿಗೂ ಗೊತ್ತು. ಮುಖದ ಮೇಲೆ ಇಲ್ಲ ಅನ್ನುವುದು ಹೇಗೆ? "ನೋಡೋಣ" ಎಂದರೆ ಇಲ್ಲ. "ಟ್ರೈ ಮಾಡ್ತೀನಿ" ಎಂದರೆ ಖಂಡಿತಾ ಇಲ್ಲ. ಇದನ್ನು ಯಾರೂ ಯಾರಿಗೂ ಕಲಿಸಿಕೊಟ್ಟಿಲ್ಲ, ಎಲ್ಲರಿಗೂ ಅರ್ಥವಾಗುತ್ತದೆ. ಸ್ವೀಡಿಷರಿಗೆ ಅರ್ಥವಾಗುವುದಿಲ್ಲ. ಅವರಿಗೆ "ಖಂಡಿತ" ಎಂದರೆ ಡೈರಿಯಲ್ಲಿ ಬರೆದುಕೊಳ್ಳುತ್ತಾರೆ.

ಈ ದೇಶಕ್ಕೆ ಬಂದು ಒಂಬತ್ತು ವರ್ಷವಾಯಿತು. ಹಿಮದಲ್ಲಿ ಬೀಳದೆ ನಡೆಯಲು ಕಲಿತೆ. ಅಪರಿಚಿತರ ಪಕ್ಕದಲ್ಲಿ ಸೀಟು ಖಾಲಿ ಇದ್ದರೂ ಬಸ್ಸಿನಲ್ಲಿ ನಿಂತೇ ಹೋಗಲು ಕಲಿತೆ. ಇದೊಂದನ್ನು ಕಲಿಯಲಿಲ್ಲ.

ಈಗ ನನ್ನ ಎರಡನೆಯ ಪಾಪವನ್ನೂ ಹೇಳಿಬಿಡುತ್ತೇನೆ. ಸುಮಾರು ಅರ್ಧ ಗಂಟೆ ಒಂದು ಉಪಾಯ ತಲೆಯಲ್ಲಿ ಕೂತಿತ್ತು. ಮೂವರಿಗೂ ಏನೂ ಹೇಳುವುದೇ ಬೇಡ. ಸೆನ್ಸರ್ ಹತ್ತು ನಿಮಿಷಕ್ಕೊಂದು ಸಲ ಏಳಲಿ. ನಡುವೆ ಅವರ ಕಂಪ್ಯೂಟರಿಗೆ ಹಳೆಯ ನಂಬರನ್ನೇ ಮತ್ತೆ ಮತ್ತೆ ಕಳಿಸುತ್ತಿದ್ದರಾಯಿತು. ಹೇಗೂ ವರ್ಚುವಲ್ ತಾನೇ? ಅವರಿಗೆ ಹೌದು ಹೌದಾಗಿಯೇ ಉಳಿಯುತ್ತದೆ, ಬ್ಯಾಟರಿಯೂ ಉಳಿಯುತ್ತದೆ, ನನ್ನ ಮರ್ಯಾದೆಯೂ.

ಅನ್ನೆಲಿಯ ನೆನಪಾಗಿ ಬಿಟ್ಟೆ. ಅವಳು ಆ ನಂಬರ್ ನೋಡಿ ಕುಲುಮೆಯ ಹತ್ತಿರ ಜನರನ್ನು ಕಳಿಸುವವಳು. ಒಂಬತ್ತೂವರೆ ನಿಮಿಷ ಹಳೆಯ ನಂಬರನ್ನು ಇದೀಗ ತಾನೇ ಅಳೆದದ್ದು ಎಂದು ಅವಳ ಕೈಗಿಡಲು ನನ್ನಿಂದ ಆಗಲಿಲ್ಲ.

ಮೂವರಿಗೂ ಮೀಟಿಂಗ್ ಕರೆದೆ. ಗುರುವಾರ, ಬೆಳಗ್ಗೆ ಒಂಬತ್ತಕ್ಕೆ, ಫ್ಯಾಕ್ಟರಿಯ ಅದೇ ಕಾಫಿ ರೂಮಿನಲ್ಲಿ.

ಬುಧವಾರವಿಡೀ ಸ್ಲೈಡು ಮಾಡಿದೆ. ಹದಿನಾಲ್ಕು ಸ್ಲೈಡು. ಮೊದಲನೆಯದರಲ್ಲಿ ಪ್ರಾಜೆಕ್ಟಿನ ಯಶಸ್ಸುಗಳು. ಏಳನೆಯದರ ಹೊತ್ತಿಗೆ "ಕೆಲವು ಸವಾಲುಗಳು". ಹನ್ನೆರಡನೆಯದರಲ್ಲಿ, ಯಾರಾದರೂ ಅಷ್ಟು ಹೊತ್ತಿಗೆ ಎಚ್ಚರವಾಗಿದ್ದರೆ, ಬ್ಯಾಟರಿಯ ವಿಷಯ. ಸಾಲದ್ದಕ್ಕೆ ಕೊಬ್ಬರಿ ಮಿಠಾಯಿಯನ್ನೂ ಮಾಡಿಟ್ಟೆ. ಬಾಯಿ ಸಿಹಿಯಾಗಿದ್ದಾಗ ಬೈಗುಳ ಕಡಿಮೆ ಬರುತ್ತದೆ ಎನ್ನುವುದು ನನ್ನ ಅನುಭವ.

ಡಬ್ಬಿಗೆ ಮಿಠಾಯಿ ತುಂಬುವಾಗ ಏಳು ವರ್ಷದ ಮಗಳು ಕೈ ಹಾಕಿದಳು. "ಇದು ಆಫೀಸಿಗೆ ಪುಟ್ಟಿ. ನಾಳೆ ಅಮ್ಮ ಮೂರು ಜನಕ್ಕೆ ಒಂದು ವಿಷಯ ಆಗಲ್ಲ ಅಂತ ಹೇಳ್ಬೇಕು" ಎಂದೆ.

ಅವಳು ಸ್ವೀಡಿಷಿನಲ್ಲೇ ಉತ್ತರ ಕೊಟ್ಟಳು. "ನೇಯ್ ಅಂದರೆ ಮುಗೀತಲ್ಲ ಮಮ್ಮಾ. ಅದಕ್ಕೆ ಸ್ವೀಟ್ ಯಾಕೆ?" (ನೇಯ್ ಎಂದರೆ ಇಲ್ಲ.)

ಇಲ್ಲಿನ ಶಾಲೆಯಲ್ಲಿ ಓದುವ ಮಕ್ಕಳೊಂದಿಗೆ ವಾದ ಮಾಡಬಾರದು. ಒಂದು ತುಂಡು ಕೊಟ್ಟು ಕಳಿಸಿದೆ.

ಗುರುವಾರ ಟ್ರೋಲ್‌ಹೆಟ್ಟನ್‌ನಲ್ಲಿ ರೈಲಿಳಿದಾಗ ಚೈತ್ರಾ ಕಾಯುತ್ತಿದ್ದಳು. ಬಸ್ಸಿನಲ್ಲಿ ಅವಳು ಲ್ಯಾಪ್‌ಟಾಪ್ ತೆರೆದು ಸೆನ್ಸರ್‌ಗಳ ಪಟ್ಟಿ ನೋಡುತ್ತಿದ್ದಳು. ಎರಡು ಆಗಲೇ ಸತ್ತಿದ್ದವು, ಅತ್ಯಂತ ಬಿಸಿ ಇರುವ ಮೂಲೆಯವು. "ಮೂವತ್ನಾಕ್ರಲ್ಲಿ ನಡೆಯತ್ತೆ ಅಕ್ಕ, ಇನ್ನು ಹೋಗ್ಬಾರ್ದು ಅಷ್ಟೇ" ಎಂದಳು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಕಾಫಿ ಬಂತು, ಮಿಠಾಯಿ ಹರಡಿತು. ಲೇನಾ, ಯೋಹಾನ್, ಅನ್ನೆಲಿ ಮೂವರೂ ಕೂತರು. ಮೊದಲ ಸ್ಲೈಡು ಆಯಿತು. ಎರಡನೆಯ ಸ್ಲೈಡಿನಲ್ಲಿ ನಾನು "ಎಲ್ಲರ ಅಗತ್ಯಗಳನ್ನೂ ಗಮನದಲ್ಲಿಟ್ಟುಕೊಂಡು" ಎಂದು ರಾಗ ಎಳೆಯುತ್ತಿದ್ದಾಗ ಯೋಹಾನ್ ಕೈ ಎತ್ತಿದ.

"ಕ್ಷಮಿಸು ಸುಮಾ. ನನಗೆ ನಿಮಿಷಕ್ಕೊಂದು ಸಲ ಸಿಗುತ್ತಾ, ಇಲ್ವಾ?"

ಮೂಲೆಯಲ್ಲಿ ಚೈತ್ರಾ ತನ್ನ ಕಪ್ಪಿನೊಳಗೆ ನೋಡುತ್ತಿದ್ದಳು.

"ಇಲ್ಲ" ಎಂದೆ. "ನಿನಗೂ ಇಲ್ಲ, ಅನ್ನೆಲಿಗೂ ಇಲ್ಲ. ಮಾರ್ಚಿನಲ್ಲೇ ಹೇಳಬೇಕಿತ್ತು, ಹೇಳಲಿಲ್ಲ. ತಾಳದಿದ್ದಾಗ ಇಲ್ಲ ಅನ್ನಬೇಕಾದ ಭಾಗವನ್ನು ನಾನು ಸಾಫ್ಟ್‌ವೇರಿನಲ್ಲಿ ಬರೆದೇ ಇಲ್ಲ. ತಪ್ಪು ನನ್ನದು."

ಆಕಾಶ ಕಳಚಿ ಬೀಳಲಿಲ್ಲ.

"ಓಕೆ" ಎಂದ ಯೋಹಾನ್. ಮಿಠಾಯಿ ಬಾಯಿಗಿಟ್ಟುಕೊಂಡ. "ಹಾಗಾದರೆ ಎಷ್ಟು ಸಿಗುತ್ತೆ?"

ಇಷ್ಟೇ! ಇಷ್ಟಕ್ಕೆ ನಾನು ಮೂರು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಮುಖ ಕೆಂಪಾಗಲಿಲ್ಲ, ಮೇಲಿನವರಿಗೆ ಮೇಲ್ ಹೋಗಲಿಲ್ಲ, "ನಿಮ್ಮಿಂದ ಇದನ್ನು ನಿರೀಕ್ಷಿಸಿರಲಿಲ್ಲ" ಎನ್ನುವ ಡೈಲಾಗೂ ಬರಲಿಲ್ಲ. ಅವರಿಗೆ ಇಲ್ಲ ಎನ್ನುವುದು ಮಳೆ ಬರುತ್ತದೆ ಎಂದಷ್ಟೇ ಒಂದು ಮಾಹಿತಿ. ಕೊಡೆ ತಗೊಂಡರಾಯಿತು.

ಯೋಹಾನ್ ಇನ್ನೊಂದು ಮಾತು ಸೇರಿಸಿದ. "ಈ ಫ್ಯಾಕ್ಟರಿಯಲ್ಲಿ ಯಾವ ಮಷೀನನ್ನು ಏನು ಕೇಳಿದರೂ ಆಗಲ್ಲ ಅನ್ನುತ್ತೆ. ನಿನ್ನದೊಂದು ಎಲ್ಲದಕ್ಕೂ ಹೌದು ಅಂದಾಗಲೇ ನನಗೆ ಅನುಮಾನ ಬರಬೇಕಿತ್ತು."

ಆಮೇಲೆ ನಡೆದದ್ದು ನನಗೆ ನಿಜಕ್ಕೂ ಹೊಸದು. ಅನ್ನೆಲಿ ಕೇಳಿದಳು, "ಇವರೂ ಅದೇ ಸೆನ್ಸರ್‌ಗಳನ್ನು ಬಳಸುತ್ತಿದ್ದಾರಾ?"

"ಹೌದಲ್ಲ."

"ನನಗೆ ಗೊತ್ತೇ ಇರಲಿಲ್ಲ. ನನ್ನವು ಸುಮ್ಮನೆ ಕೂತಿವೆ ಅಂದುಕೊಂಡೆ. ಕೂತಿದ್ದರೆ ಕೆಲಸ ಮಾಡಲಿ ಅಂತ ಅರ್ಧ ನಿಮಿಷ ಅಂದೆ."

ಲೇನಾ ನಕ್ಕಳು. ತನಗೂ ಹಾಗೇ ಅನಿಸಿತ್ತಂತೆ. ಯೋಹಾನನಿಗೂ.

ನೋಡಿ, ಯಾರಿಗೂ ದುರಾಸೆ ಇರಲಿಲ್ಲ. ಪಕ್ಕದವರು ಕಾಣದ ಹಾಗೆ ಗೋಡೆ ಕಟ್ಟಿಕೊಟ್ಟವರು ನಾವು. ಒಬ್ಬರಿಗೊಬ್ಬರು ಅಡ್ಡ ಬರಬಾರದೆಂದು ಕಟ್ಟಿದ ಗೋಡೆ, ಒಬ್ಬರನ್ನೊಬ್ಬರು ನೆನೆಯದ ಹಾಗೂ ಮಾಡಿತು. ಕಂಡಿದ್ದರೆ ಬಹುಶಃ ನನ್ನನ್ನು ಕೇಳುವ ಮೊದಲೇ ಅವರವರೇ ಮಾತಾಡಿಕೊಂಡಿರುತ್ತಿದ್ದರು. ಈ ಜನ ಬಟ್ಟೆ ಒಗೆಯುವ ಮಷೀನಿನ ಫಿಲ್ಟರನ್ನೂ ಮುಂದಿನವರಿಗೋಸ್ಕರ ಶುಚಿ ಮಾಡಿಟ್ಟು ಹೋಗುವವರು.

ಲೇನಾ ಬೋರ್ಡಿನ ಮೇಲೆ ಬರೆಯತೊಡಗಿದಳು. ಇಷ್ಟು ದಿನ ಒಂದೇ ಸೆನ್ಸರ್ ಮೂವರಿಗಾಗಿ ಬೇರೆ ಬೇರೆ ಹೊತ್ತಿಗೆ ಏಳುತ್ತಿತ್ತು. ಇನ್ನು ಹತ್ತು ನಿಮಿಷಕ್ಕೊಂದೇ ಸಲ ಎದ್ದು, ಬಿಸಿ, ಅದುರಾಟ ಎರಡನ್ನೂ ಅಳೆದು, ಒಂದೇ ಸಲಕ್ಕೆ ಎಲ್ಲರಿಗೂ ಹೇಳಲಿ. ಯೋಹಾನ್ ಒಪ್ಪಿದ. ಕುಲುಮೆಯ ಹತ್ತಿರ ಜನ ಹೋಗುವ ದಿನ ಮಾತ್ರ, ಅವರು ಅಲ್ಲಿರುವಷ್ಟು ಹೊತ್ತು ಮಾತ್ರ, ಆ ಜಾಗದ ನಾಲ್ಕು ಸೆನ್ಸರ್ ಬೇಗ ಬೇಗ ಹೇಳಲಿ. ಅನ್ನೆಲಿಗೆ ಅಷ್ಟೇ ಸಾಕಂತೆ. ಇಪ್ಪತ್ತು ನಿಮಿಷವೂ ಹಿಡಿಯಲಿಲ್ಲ. ಹನ್ನೆರಡು ಸ್ಲೈಡು ಹಾಗೇ ಉಳಿದವು. (ಬೇಕಿದ್ದವರು ಕೇಳಿ, ಕಳಿಸುತ್ತೇನೆ. ಬಣ್ಣ ಚೆನ್ನಾಗಿ ಬಂದಿದೆ.)

ಚೈತ್ರಾ ಅಲ್ಲೇ ಕೂತು ಲೆಕ್ಕ ಹಾಕಿದಳು. ಎರಡು ಸಲ ಹಾಕಿದಳು. ಆಗಸ್ಟಿನ ಮೊದಲ ವಾರದವರೆಗೆ ಬ್ಯಾಟರಿ ಬರುತ್ತದೆ. ಕುಲುಮೆ ನಿಲ್ಲುವುದು ಜುಲೈ ಎರಡನೇ ವಾರ. ಅಂಚಿಗಂಚು, ಆದರೆ ಸಾಕು. ಅವಳ ಮುಖ ನೋಡಿ ನನಗೆ ಹೊಟ್ಟೆ ತುಂಬಿತು. ಆಮೇಲೆ ಡಬ್ಬಿಯಲ್ಲಿ ಉಳಿದಿದ್ದ ಮಿಠಾಯಿಯನ್ನೂ ತಿಂದೆ.

ಕಳೆದ ಶುಕ್ರವಾರ ಕಾವಲಿನ ಭಾಗವನ್ನು ಕೊನೆಗೂ ಬರೆದು ಮುಗಿಸಿದೆ. ಈಗ ಪ್ರತಿಯೊಬ್ಬರ ಕಂಪ್ಯೂಟರಿನ ಮೂಲೆಯಲ್ಲಿ, ಈ ಸೆನ್ಸರನ್ನು ಇನ್ನೂ ಯಾರು ಯಾರು ಬಳಸುತ್ತಿದ್ದಾರೆ, ಬ್ಯಾಟರಿ ಯಾವ ತಿಂಗಳವರೆಗೆ ಬರುತ್ತದೆ ಎಂದು ಕಾಣುತ್ತದೆ. ನಮ್ಮ ಬಾಸ್‌ಗೆ ಇದು ಅಷ್ಟು ಹಿಡಿಸಿಲ್ಲ. ಎಲ್ಲವನ್ನೂ ತೋರಿಸಿದರೆ ವರ್ಚುವಲ್ ಎಂದು ಕರೆಯುವುದೇಕೆ ಎಂದು ಗೊಣಗಿದ. ಗೊಣಗಲಿ. ಇಲ್ಲ ಅನ್ನಬೇಕಾದಾಗ ಪರದೆಯ ಮೇಲೆ ಬರುವ ಸಂದೇಶವನ್ನು ನಾನು ನಾಲ್ಕು ಸಾಲು ಬರೆದಿದ್ದೆ, ವಿಷಾದಿಸುತ್ತೇವೆ, ದಯವಿಟ್ಟು ಅನ್ಯಥಾ ಭಾವಿಸಬೇಡಿ ಎಂದೆಲ್ಲಾ. ಲೇನಾ ಅದನ್ನು ಓದಿ ಮೂರೂಮುಕ್ಕಾಲು ಸಾಲು ಹೊಡೆದುಹಾಕಿದಳು. ಈಗ ಇರುವುದು: "ಆಗುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಆಗುತ್ತದೆ."

ಓದಲು ಒರಟು. ಆದರೆ ಅದನ್ನು ಓದಿದವರು ಯಾರೂ ಮೋಸ ಹೋಗುವುದಿಲ್ಲ.

ಒಂದು ವಿಷಯ ಹೇಳುವುದನ್ನು ಬಿಟ್ಟಿದ್ದೆ. ಆ ಗುರುವಾರ ವಾಪಸ್ ಹೊರಟಾಗ ಚೈತ್ರಾ ಸ್ಟೇಷನ್ನಿನವರೆಗೂ ಬಂದಳು. ಬಿಸಿಲು ಚೆನ್ನಾಗಿತ್ತು. ಜನ ಕೋಟು ಬಿಚ್ಚಿ ಗೋಡೆಗೊರಗಿ ಕಣ್ಣು ಮುಚ್ಚಿ ನಿಂತಿದ್ದರು. ನಾನೂ ಹಗುರಾಗಿದ್ದೆ, ಜಂಬವೂ ಸ್ವಲ್ಪ ಬಂದಿತ್ತು. ರೈಲು ಬಂತು. ಹತ್ತುವಾಗ ಅವಳು ಕೇಳಿದಳು, "ಹಂಗಾರ ಅಕ್ಕಾ, ಜುಲೈ ತನಕಾ ಏನೂ ಕಟ್ ಆಗಂಗಿಲ್ಲಲ್ರೀ?"

"ಹೂಂ" ಎಂದೆ.

ಅವಳು ನಗಲಿಲ್ಲ. ಬಾಗಿಲಿಗೆ ಕೈ ಅಡ್ಡ ಹಿಡಿದು ನಿಂತಳು.

"ಇದು ಮಾರ್ಚ್ ತಿಂಗಳದ್ ಹೂಂ ಏನ್ರೀ ಅಕ್ಕಾ, ಇವತ್ತಿಂದೋ?"